ನಿಜಲಿಂಗಪ್ಪನವರನ್ನು ಸೋಲಿಸಿದ ಊರು ಮತ್ತು ನಮ್ಮ ಮಕ್ಕಳ ಪೌರನೀತಿ ಪಾಠ

1962ರಲ್ಲಿ ಹೊಸದುರ್ಗದ ಮತದಾರರು ಒಂದು ಕೆಲಸ ಮಾಡಿದರು. ರಾಜ್ಯದ ಮುಖ್ಯಮಂತ್ರಿ ಆಗಬೇಕಿದ್ದ ಎಸ್. ನಿಜಲಿಂಗಪ್ಪನವರನ್ನು ವಿಧಾನಸಭೆ ಚುನಾವಣೆಯಲ್ಲಿ ಸೋಲಿಸಿದರು. ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ.

ಇದು ಸಣ್ಣ ಸುದ್ದಿಯಲ್ಲ. ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು. 1939ರ ತುರುವನೂರು ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಮರ ಕಡಿಸಿ ಜೈಲಿಗೆ ಹೋದವರು. ದೇಶದ ಸಂವಿಧಾನ ಬರೆದ ಸಭೆಯಲ್ಲಿ ಸದಸ್ಯರಾಗಿ ಕೂತವರು. 1952ರಲ್ಲಿ ಇದೇ ಚಿತ್ರದುರ್ಗದಿಂದ ಲೋಕಸಭೆಗೆ ಹೋದವರು. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯಕ್ಕೆ ಮೊದಲ ಮುಖ್ಯಮಂತ್ರಿ. ಅಂಥವರಿಗೆ ಸ್ವಂತ ಜಿಲ್ಲೆಯ ಜನ, ಈ ಸಲ ಬೇಡ ಅಂದುಬಿಟ್ಟರು.

ಮುಂದೆ ಆಗಿದ್ದು ಇನ್ನೂ ಸ್ವಾರಸ್ಯ. ಅವರ ಪಕ್ಷಕ್ಕೆ ಬಹುಮತ ಬಂದಿತ್ತು, ನಾಯಕ ಮಾತ್ರ ಸೋತಿದ್ದರು. ಮಾರ್ಚ್ 14ರಂದು ಎಸ್.ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯ ಉಪಚುನಾವಣೆಯಲ್ಲಿ ಆರಿಸಿ ಬಂದ ಮೇಲೆ, ಜೂನ್‌ನಲ್ಲಿ, ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಸುಮಾರು ಮೂರು ತಿಂಗಳು. ರಾಮಾಯಣದ ಭರತನಿಗೆ ಅವರನ್ನು ಹೋಲಿಸುವವರು ಈಗಲೂ ಇದ್ದಾರೆ. ಇವತ್ತಿನ ರಾಜಕೀಯ ನೋಡಿದವರಿಗೆ ನಂಬುವುದು ಕಷ್ಟ, ಬಿಡಿ.

ಇಲ್ಲೊಂದು ಕಾನೂನಿನ ಮಾತಿದೆ. ಶಾಸಕನಲ್ಲದವನೂ ಮಂತ್ರಿಯಾಗಬಹುದು, ಆದರೆ ಆರು ತಿಂಗಳೊಳಗೆ ಶಾಸನಸಭೆಯ ಸದಸ್ಯನಾಗಬೇಕು, ಇಲ್ಲದಿದ್ದರೆ ಸ್ಥಾನ ಹೋಗುತ್ತದೆ ಎನ್ನುತ್ತದೆ ಸಂವಿಧಾನದ 164ನೇ ವಿಧಿ. ಅಂದರೆ ಸೋತ ಮಾರನೇ ದಿನವೇ ಪ್ರಮಾಣವಚನ ತೆಗೆದುಕೊಳ್ಳಲು ಕಾನೂನಿನ ಅಡ್ಡಿ ಇರಲಿಲ್ಲ. ಆದರೂ ಮೊದಲು ಗೆದ್ದು, ಆಮೇಲೆ ಕೂತರು. ಈ ವಿಧಿಯನ್ನು ಮಕ್ಕಳು ಉರು ಹೊಡೆದರೆ ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾರೆ. ಹೊಸದುರ್ಗದ ಕಥೆ ಕಟ್ಟಿ ಹೇಳಿ ನೋಡಿ, ಮರೆಯಲ್ಲ.

ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ. ಬೀದರಿಗೂ ಅದೇ, ಹಿರಿಯೂರಿಗೂ ಅದೇ. ಅದು ತಪ್ಪೂ ಅಲ್ಲ. ಆದರೆ ಊರಿನ ಪಾಠವನ್ನು ಊರಿನವರೇ ಸೇರಿಸಬೇಕಾಗುತ್ತದೆ. ನಾವು ಸುದ್ದಿಗೆಂದು ಶಾಲೆಗಳಿಗೆ ಹೋದಾಗ ಮಕ್ಕಳು ಸಂವಿಧಾನ ಪೀಠಿಕೆಯನ್ನು ಎಲ್ಲೂ ತಡವರಿಸದೆ ಹೇಳುವುದನ್ನು ಕೇಳಿದ್ದೇವೆ. 2023ರ ಸೆಪ್ಟೆಂಬರ್ 15ರಂದು ರಾಜ್ಯವೆಲ್ಲ ಒಟ್ಟಿಗೆ ಪೀಠಿಕೆ ಓದಿತು. 2024ರ ಜನವರಿಯಿಂದ ಸಂವಿಧಾನ ಜಾಗೃತಿ ಜಾಥಾದ ವಾಹನ ಪಂಚಾಯಿತಿ ಪಂಚಾಯಿತಿಗೂ ಬಂದು ಹೋಯಿತು. ಎಲ್ಲ ಒಳ್ಳೆಯದೇ. ಆದರೆ ಆ ಪೀಠಿಕೆ ಬರುವ ಮುಂಚೆ ನಮ್ಮೂರಲ್ಲಿ ಏನಿತ್ತು ಅಂತ ಕೇಳಿದರೆ ಮಕ್ಕಳೂ ಸುಮ್ಮನಾಗುತ್ತಾರೆ, ದೊಡ್ಡವರೂ ಸುಮ್ಮನಾಗುತ್ತಾರೆ.

ಏನಿತ್ತು ಅಂದರೆ, ಮೈಸೂರಿನಲ್ಲಿ ಪ್ರಜಾ ಪ್ರತಿನಿಧಿ ಸಭೆ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಶುರುವಾಯಿತು. ಮೊದಲ ಸಭೆ ಆ ವರ್ಷದ ಅಕ್ಟೋಬರ್ 7ರಂದು, 144 ಸದಸ್ಯರು. ದಸರಾ ಸಮಯಕ್ಕೆ ತಾಲ್ಲೂಕುಗಳಿಂದ ಪ್ರತಿನಿಧಿಗಳು ಮೈಸೂರಿಗೆ ಹೋಗಬೇಕು. ಯಾರು ಹೋಗುತ್ತಿದ್ದರು? ಜಮೀನುಳ್ಳವರು, ವ್ಯಾಪಾರಸ್ಥರು. ಮೊದಮೊದಲು ಆರಿಸಿ ಕಳಿಸುತ್ತಿದ್ದವರು ಅಧಿಕಾರಿಗಳು. ಚುನಾವಣೆ ಅಂತ ಬಂದದ್ದು 1891ರಲ್ಲಿ, ಅದೂ ಆಸ್ತಿ ಇಲ್ಲವೇ ಓದು ಇದ್ದವರಿಗೆ ಮಾತ್ರ. ಕೂಲಿಯವನಿಗೆ ಓಟಿಲ್ಲ. 1923ರ ಸುಧಾರಣೆ ಬರುವವರೆಗೆ ಯಾವ ಹೆಂಗಸಿಗೂ ಓಟಿಲ್ಲ.

ಹೋದವರು ಏನು ಮಾಡುತ್ತಿದ್ದರು ಅನ್ನುವುದು ಮುಖ್ಯ. ದಿವಾನರು ವರ್ಷದ ವರದಿ ಓದುವರು, ಪ್ರತಿನಿಧಿಗಳು ಕೇಳುವರು. ಆಮೇಲೆ ತಮ್ಮ ತಾಲ್ಲೂಕಿನ ಅಹವಾಲು ಹೇಳುವರು: ಕೆರೆ, ರಸ್ತೆ, ಕಂದಾಯ. ಸರ್ಕಾರ ಮಾಡಿದರೆ ಮಾಡಿತು, ಬಿಟ್ಟರೆ ಬಿಟ್ಟಿತು. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ಹಾಗಂತ ಅದನ್ನು ಹಗುರ ಮಾಡುವುದು ಬೇಡ. ಆ ಕಾಲಕ್ಕೆ ಅಷ್ಟಾದರೂ ಇದ್ದ ಸಂಸ್ಥಾನ ಅಪರೂಪ. ಆದರೆ ಅಹವಾಲು ಹೇಳುವುದು ಬೇರೆ, ಅಧಿಕಾರ ಕೊಡುವುದು, ಕಿತ್ತುಕೊಳ್ಳುವುದು ಬೇರೆ. ಅಲ್ಲಿಂದ 1962ರ ಹೊಸದುರ್ಗಕ್ಕೆ 81 ವರ್ಷ. 1949ರ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಘೋಷಣೆ ಹೊರಡಿಸಿದರು. ಮುಂದೆ 1951-52ರ ಚುನಾವಣೆಯಲ್ಲಿ 21 ತುಂಬಿದ ಎಲ್ಲರಿಗೂ ಓಟು. ಹೆಬ್ಬೆಟ್ಟಿನವರಿಗೂ, ಜೀತದಲ್ಲಿದ್ದವರಿಗೂ. ಆ ಓಟು ಬಂದು ಹತ್ತೇ ವರ್ಷಕ್ಕೆ ನಮ್ಮ ಜನ ರಾಜ್ಯದ ದೊಡ್ಡ ನಾಯಕರನ್ನೇ ಮನೆಗೆ ಕಳಿಸಿದ್ದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಿಜಲಿಂಗಪ್ಪನವರ ಆಡಳಿತ ಮೆಚ್ಚುವವರು ನಮ್ಮಲ್ಲೂ ಇದ್ದಾರೆ. ಇಲ್ಲಿ ನೋಡಬೇಕಾದ್ದು, ಸೋತವರು ಸೋಲು ಒಪ್ಪಿದರು ಎಂಬುದನ್ನು.

ಈಗ ಮಕ್ಕಳ ಗ್ರಾಮಸಭೆಗೆ ಬರೋಣ. ಇದರ ಬೇರು ಕುಂದಾಪುರದ ಕಡೆ ಇದೆ. 1990ರ ದಶಕದಲ್ಲಿ ಭೀಮ ಸಂಘ ಎಂಬ ದುಡಿಯುವ ಮಕ್ಕಳ ಸಂಘಟನೆ, ಕೆರಾಡಿಯಂಥ ಪಂಚಾಯಿತಿಗಳಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿತು. ಮಕ್ಕಳೇ ಓಟು ಹಾಕಿ ತಮ್ಮವರನ್ನು ಆರಿಸಿಕೊಂಡರು. ಊರಿನ ಸಮಸ್ಯೆಗಳನ್ನು ತಾವೇ ಪಟ್ಟಿ ಮಾಡಿ ಹಿರಿಯರ ಮುಂದೆ ಇಟ್ಟರು. ಮುಂದೆ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಮಕ್ಕಳ ಗ್ರಾಮಸಭೆ ನಡೆಸಲು ಹೇಳಿತು.

ನಮ್ಮ ಕಡೆ ನಾವು ಕಂಡ ಹಲವು ಸಭೆಗಳು ನಿಜಕ್ಕೂ 1881ರ ಸಭೆಯ ಹಾಗೇ ಇವೆ. ಶಾಮಿಯಾನ, ಹಾರ, ಭಾಷಣ. ಮಗು ಎದ್ದು ನಿಂತು, ಮೇಷ್ಟ್ರು ಬರೆದುಕೊಟ್ಟ ಚೀಟಿ ನೋಡಿ, ಶಾಲೆಗೆ ಕಾಂಪೌಂಡು ಬೇಕು ಅನ್ನುತ್ತದೆ. ಪಿಡಿಒ ಸಾಹೇಬರು ಬರೆದುಕೊಳ್ಳುತ್ತಾರೆ. ಬಿಸ್ಕತ್ತು ಕೊಟ್ಟು ಸಭೆ ಮುಗಿಯುತ್ತದೆ. ಒಂದು ಪಂಚಾಯಿತಿಯಲ್ಲಿ ಮಾತ್ರ ಒಬ್ಬ ಹುಡುಗಿ ಚೀಟಿ ಮಡಚಿಟ್ಟು, "ಸಾರ್, ಹೋದ ವರ್ಷ ಹೆಣ್ಮಕ್ಕಳ ಶೌಚಾಲಯಕ್ಕೆ ನೀರು ಕೇಳಿದ್ವಿ. ಅದು ಏನಾಯ್ತು ಅಂತ ಆ ಪುಸ್ತಕ ತೆಗೆದು ಓದ್ತೀರಾ?" ಅಂದಳು. ಪುಸ್ತಕ ಹುಡುಕಲು ಹೋದ ಸಿಬ್ಬಂದಿ ಸಭೆ ಮುಗಿಯುವವರೆಗೂ ಬರಲಿಲ್ಲ. ಅವಳು ಕೇಳಿದ್ದು ಹೊಸ ಬೇಡಿಕೆಯಲ್ಲ, ಹಳೆಯದರ ಲೆಕ್ಕ. ನಮ್ಮ ಪ್ರಕಾರ ಅಹವಾಲಿನಿಂದ ಅಧಿಕಾರದ ಕಡೆಗೆ ಕಾಲಿಡುವುದು ಅಲ್ಲೇ. ಹೋದ ವರ್ಷದ ನಡಾವಳಿ ಓದದೆ ಈ ವರ್ಷದ ಸಭೆ ಶುರು ಮಾಡಬಾರದು ಅಂತ ಮಕ್ಕಳು ಹಟ ಹಿಡಿದರೆ, ಅದಕ್ಕಿಂತ ದೊಡ್ಡ ಪೌರನೀತಿ ಪಾಠ ಬೇಕಿಲ್ಲ.

ಊರಿನ ಪಾಠಗಳು ಇನ್ನೂ ಇವೆ. ಹಿರಿಯೂರು ಮೊದಲು ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರವಾಗಿತ್ತು, 2008ರ ಚುನಾವಣೆಯಿಂದ ಸಾಮಾನ್ಯ ಕ್ಷೇತ್ರ. ಹೊಳಲ್ಕೆರೆ ಮೊದಲು ಸಾಮಾನ್ಯ, ಈಗ ಮೀಸಲು. ಯಾಕೆ ಬದಲಾಯಿತು, ಕ್ಷೇತ್ರ ಮರುವಿಂಗಡಣೆ ಅಂದರೇನು, ಜನಸಂಖ್ಯೆಗೂ ಇದಕ್ಕೂ ಏನು ಸಂಬಂಧ? ಎರಡೂ ಊರಿನ ಮಕ್ಕಳು ಅಜ್ಜಂದಿರನ್ನು ಕೇಳಿದರೆ ಬಿಸಿಬಿಸಿ ಉತ್ತರ ಸಿಗುತ್ತದೆ. ಜಗಳವೂ ಆಗಬಹುದು, ಆಗಲಿ.

ಹೊಸದುರ್ಗ ಕಡೆಯ ಹೈಸ್ಕೂಲು ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. 1962ರಲ್ಲಿ ಓಟು ಹಾಕಿದವರಿಗೆ ಈಗ ಎಂಬತ್ತೈದರ ಆಸುಪಾಸು. ಜಗಲಿ ಮೇಲೆ ಕೂತವರು ಇನ್ನೂ ಕೆಲವರಿದ್ದಾರೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅವರ ಹತ್ತಿರ ಕಳಿಸಿ. ಆ ದಿನ ಬೂತಿಗೆ ಹೇಗೆ ಹೋದಿರಿ, ಯಾರಾದರೂ ಹೆದರಿಸಿದರಾ, ಯಾಕೆ ಹಾಗೆ ಓಟು ಹಾಕಿದಿರಿ ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಯಾರಿಗೆ ಹಾಕಿದಿರಿ ಅಂತ ಮಾತ್ರ ಒತ್ತಾಯ ಮಾಡುವುದು ಬೇಡ. ಓಟು ಗುಟ್ಟು, ಅರವತ್ತು ವರ್ಷ ಕಳೆದರೂ.