ಕಟಕಟೆ ಹತ್ತಿದ ಕ್ರಿಸ್‌ಮಸ್ ತಾತ

ತಾನೇ ಸಾಂಟಾಕ್ಲಾಸ್ ಎನ್ನುವ ಮುದುಕನೊಬ್ಬ ಹುಚ್ಚನೋ, ನಿಜವಾದ ಕ್ರಿಸ್‌ಮಸ್ ತಾತನೋ? ಈ ಪ್ರಶ್ನೆಯನ್ನು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವಿಚಾರಣೆಗೆ ಒಡ್ಡಿದ ಹಾಸ್ಯಚಿತ್ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’. ಜಾರ್ಜ್ ಸೀಟನ್ ನಿರ್ದೇಶನದ ಈ ಚಿತ್ರ ತೆರೆ ಕಂಡದ್ದು 1947ರಲ್ಲಿ, ಅದೂ ಕ್ರಿಸ್‌ಮಸ್‌ಗೆ ತಿಂಗಳುಗಟ್ಟಲೆ ಮೊದಲೇ. ಬೇಸಿಗೆಯಲ್ಲಿ ಪ್ರೇಕ್ಷಕರು ಹೆಚ್ಚು ಎಂಬುದು ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಜಾನಕ್‌ನ ಲೆಕ್ಕಾಚಾರ.

ಮೇಸೀಸ್ ಅಂಗಡಿಯಲ್ಲಿ ಸಾಂಟಾ ವೇಷಕ್ಕೆ ಸೇರಿದ ಕ್ರಿಸ್ ಕ್ರಿಂಗಲ್‌ನನ್ನು ಹುಚ್ಚನೆಂದು ಆಸ್ಪತ್ರೆಗೆ ದೂಡಲಾಗುತ್ತದೆ. ಮೊಕದ್ದಮೆ ನಡೆಸುವ ನ್ಯಾಯಾಧೀಶನಿಗೆ ಇಕ್ಕಟ್ಟು: ಸಾಂಟಾ ಇಲ್ಲವೆಂದು ತೀರ್ಪಿತ್ತರೆ ಮುಂದಿನ ಚುನಾವಣೆಯಲ್ಲಿ ಸೋಲು ಖಚಿತ ಎಂದು ರಾಜಕೀಯ ಸಲಹೆಗಾರ ಎಚ್ಚರಿಸಿದ್ದಾನೆ. ಆಗ ಅಂಚೆ ಕಚೇರಿಯ ನೌಕರನೊಬ್ಬನಿಗೆ ಉಪಾಯ ಹೊಳೆಯುತ್ತದೆ. ಸಾಂಟಾನ ವಿಳಾಸಕ್ಕೆ ಮಕ್ಕಳು ಬರೆದ ಕಾಗದಗಳು ಕಚೇರಿಯಲ್ಲಿ ರಾಶಿ ಬಿದ್ದಿವೆ. ಸಾಂಟಾ ನ್ಯಾಯಾಲಯದಲ್ಲೇ ಇದ್ದಾನಲ್ಲ, ಅಲ್ಲಿಗೇ ಸಾಗಿಸಿದರಾಯಿತು! ಮೂಟೆಗಟ್ಟಲೆ ಟಪಾಲು ನ್ಯಾಯಾಧೀಶನ ಮೇಜಿನ ಮೇಲೆ ಸುರಿಯುತ್ತದೆ. ಕೇಂದ್ರ ಸರ್ಕಾರದ ಇಲಾಖೆಯೇ ಒಪ್ಪಿದ ಮೇಲೆ ರಾಜ್ಯದ ನ್ಯಾಯಾಲಯದ್ದೇನು ತಕರಾರು? ಮೊಕದ್ದಮೆ ವಜಾ.

ಇಲ್ಲಿ ಗೆದ್ದದ್ದು ಭಕ್ತಿಯಲ್ಲ. ನ್ಯಾಯಾಧೀಶನಿಗೆ ಮತ ಬೇಕು, ಅಂಗಡಿಗೆ ವ್ಯಾಪಾರ ಬೇಕು, ಅಂಚೆಯವನಿಗೆ ಕೋಣೆ ಖಾಲಿಯಾಗಬೇಕು. ಎಲ್ಲರ ಸ್ವಾರ್ಥ ಕೂಡಿ ಒಂದು ಪವಾಡ. 1994ರ ಮರುನಿರ್ಮಾಣದಲ್ಲಿ ಅಂಚೆಮೂಟೆಗಳ ಜಾಗಕ್ಕೆ ಒಂದು ಡಾಲರ್ ನೋಟು ಬಂತು. ಅದರ ಮೇಲೆ ಅಚ್ಚಾದ, ದೇವರಲ್ಲಿ ನಂಬಿಕೆ ಸಾರುವ ವಾಕ್ಯವೇ ಸಾಕ್ಷಿ. ಮೂಲದ ಕುಚೋದ್ಯ ಅಲ್ಲಿ ಮಾಯ.

ಆದರೆ ಚಿತ್ರ ತೀರ್ಪಿಗೇ ಮುಗಿಯುವುದಿಲ್ಲ. ಕ್ರಿಂಗಲ್‌ನನ್ನು ಕೆಲಸಕ್ಕೆ ಸೇರಿಸಿಕೊಂಡ ಡೋರಿಸ್ ವಿಚ್ಛೇದಿತೆ, ಸ್ವಂತ ದುಡಿಮೆಯ ಹೆಣ್ಣು. ನಾಯಕಿ ವಿಚ್ಛೇದಿತೆ ಎಂಬುದಕ್ಕೇ ಕ್ಯಾಥೊಲಿಕರ ‘ಲೀಜನ್ ಆಫ್ ಡೀಸೆನ್ಸಿ’ ಸಂಸ್ಥೆ ಚಿತ್ರವನ್ನು ಭಾಗಶಃ ಆಕ್ಷೇಪಾರ್ಹವೆಂದು ಪಟ್ಟಿ ಮಾಡಿತ್ತು. ಕಟ್ಟುಕತೆ ನಂಬಬಾರದೆಂದು ಅವಳು ಬೆಳೆಸಿದ ಮಗಳು ಸೂಸನ್ ಸಾಂಟಾನಲ್ಲಿ ಬೇಡುವುದು ಗೊಂಬೆಯನ್ನಲ್ಲ, ಮನೆಯನ್ನು!

ಅಂದಿನ ಪ್ರೇಕ್ಷಕರಿಗೆ ಇದು ಬರೀ ಮಕ್ಕಳಾಟವಾಗಿರಲಿಲ್ಲ. ಆರ್ಥಿಕ ಕುಸಿತ, ಬೆನ್ನಿಗೇ ಮಹಾಯುದ್ಧ. ವರ್ಷಗಳ ಕಾಲ ಮನೆ ಕಟ್ಟುವ ಕೆಲಸ ಕುಂಠಿತವಾಗಿತ್ತು. ಯುದ್ಧ ಮುಗಿಸಿ ಬಂದವರಿಗೆ ಸೂರಿಲ್ಲ. ಮಾಜಿ ಸೈನಿಕರ ಗೃಹಸಾಲಕ್ಕೆ ಸರ್ಕಾರವೇ ಖಾತರಿ ನಿಲ್ಲುವ ಕಾನೂನು 1944ರಲ್ಲಿ ಬಂದಿತ್ತು. ಚಿತ್ರ ಬಿಡುಗಡೆಯಾದ ವರ್ಷವೇ ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ ಲೆವಿಟೌನ್ ಎಂಬ ಬಡಾವಣೆಯ ಕೆಲಸ ಆರಂಭವಾಗಿ, ಒಂದೇ ಅಚ್ಚಿನ ಸಾವಿರಾರು ಮನೆಗಳು ಏಳತೊಡಗಿದವು. ಯುದ್ಧಕಾಲದಲ್ಲಿ ಕಾರ್ಖಾನೆಗೆ ಬಂದ ಹೆಂಗಸರಿಗೆ ಅಡುಗೆಮನೆಯ ದಾರಿ ತೋರಿಸುತ್ತಿದ್ದ ಕಾಲವೂ ಅದೇ. ನಗರದ ಅಪಾರ್ಟ್‌ಮೆಂಟಿನ ಡೋರಿಸ್‌ಗೆ ಚಿತ್ರ ಕೊನೆಗೆ ಕೊಡುವುದು ಗಂಡ ಮತ್ತು ಊರಾಚೆಯ ಮನೆ. ಅವಳ ಉದ್ಯೋಗದ ಗತಿ ಏನಾಯಿತೆಂದು ಚಿತ್ರ ಹೇಳುವುದಿಲ್ಲ.

ಸೂಸನ್ ಬಯಸಿದಂಥದೇ ಮನೆ, ಹಿತ್ತಲಲ್ಲಿ ಉಯ್ಯಾಲೆ, ಮುಂದೆ ‘ಮಾರಾಟಕ್ಕಿದೆ’ ಎಂಬ ಫಲಕ. ಮುದುಕನೊಬ್ಬನನ್ನು ಸಾಂಟಾ ಎಂದು ಸಾಧಿಸಿದ ವಕೀಲ ಫ್ರೆಡ್ ಖಾಲಿ ಕೋಣೆಯಲ್ಲಿ ನಿಂತು ತನ್ನ ಜಾಣತನಕ್ಕೆ ತಾನೇ ಬೀಗುತ್ತಿದ್ದಾನೆ. ಅಷ್ಟರಲ್ಲಿ ಅವನ ಕಣ್ಣು ಬೀಳುವುದು ಗೋಡೆಗೆ ಒರಗಿಸಿಟ್ಟ ಊರುಗೋಲಿನ ಮೇಲೆ. ಥೇಟ್ ಕ್ರಿಂಗಲ್‌ನದೇ.