ಮುನ್ನೂರೈವತ್ತೇ ಸಾಕೇ?

ಬುಲೆಟ್ ಮನೆತನದ ಗಾಡಿ ಓಡಿಸುವವರಿಗೆಲ್ಲ ಒಂದಲ್ಲ ಒಂದು ದಿನ ಅಂಟಿಕೊಳ್ಳುವ ಕಾಯಿಲೆ ಒಂದಿದೆ: "ಇನ್ನೊಂಚೂರು ಪವರ್ ಇದ್ದಿದ್ದರೆ!" ನನಗೂ ಅಂಟಿದೆ. ನನ್ನದು 2010ರ ಥಂಡರ್‌ಬರ್ಡ್ 350. ಚೆನ್ನೈನಿಂದ ಊರಿಗೆ ಹೋಗುವಾಗ ಹಿಂದೆ ಹೆಂಡತಿ, ಪಕ್ಕದಲ್ಲಿ ಸಾಮಾನು. ಘಾಟಿ ಹತ್ತುವಾಗ ಗಾಡಿ ಏದುಸಿರು ಬಿಡುತ್ತದೆ. ಸಿಲಿಂಡರ್, ಪಿಸ್ಟನ್ ಬದಲಿಸಿ 500 ಮಾಡಿಸಿ ಅಂತ ಸ್ನೇಹಿತರ ಒತ್ತಾಯ. ರಿಟೈರ್ ಆದಮೇಲೆ ತಿರುಗಾಟಕ್ಕೆ ಇರುವುದು ಇದೊಂದೇ ಗಾಡಿ, ಹಾಗಾಗಿ ಹುಡುಗಾಟದ ವಿಷಯವಲ್ಲ. ಬ್ಯಾಂಕಿನವನ ಚಾಳಿ ನೋಡಿ, ಸಾಲ ಕೊಡುವ ಮುನ್ನ ಹಳೆಯ ಖಾತೆ ತಿರುವಿ ಹಾಕುತ್ತೇವೆ. ಈ ಎಂಜಿನ್ನಿನ ಖಾತೆಯನ್ನೂ ಹಾಗೇ ತಿರುವಿ ಹಾಕಿದೆ.

ಬುಲೆಟ್ ಎಂಬ ಹೆಸರು ಹುಟ್ಟಿದ್ದು 1932ರಲ್ಲಿ, ಇಂಗ್ಲೆಂಡಿನ ರೆಡಿಚ್ ಎಂಬ ಊರಿನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ 350ರಲ್ಲಿ ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ ಓಡಾಡುವ ದೂರ 90 ಮಿ.ಮೀ. ಲೆಕ್ಕ ಹಾಕಿದರೆ 346 ಸಿಸಿ. ನಮ್ಮ ಸೈನ್ಯ ಮೆಚ್ಚಿ ತರಿಸಿಕೊಂಡದ್ದು ಇದನ್ನೇ. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜತೆಗೂಡಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು. ಅಂದಹಾಗೆ ಆ ತಿರುವೊಟ್ಟಿಯೂರು ಇರುವುದು ನಾನಿರುವ ಈ ಚೆನ್ನೈನಲ್ಲೇ. ತವರಿನ ಕಾರ್ಖಾನೆಗಳು 1970ರ ಹೊತ್ತಿಗೆ ಬಾಗಿಲು ಹಾಕಿದವು. ದತ್ತು ಹೋದ ಮಗು ಮಾತ್ರ ಇಲ್ಲಿ ಬೆಳೆಯಿತು.

ಈಗ ಮುಖ್ಯ ವಿಷಯ. ಹೆಚ್ಚು ಪವರ್ ಬೇಕೆಂದಾಗ ರೆಡಿಚ್‌ನವರು ಏನು ಮಾಡಿದರು? 1953ರಲ್ಲಿ 500 ಸಿಸಿ ಬುಲೆಟ್ ತಂದರು. ಪಿಸ್ಟನ್ ಓಟ ಅದೇ 90, ಅಗಲ ಮಾತ್ರ 84 ಮಿ.ಮೀ. ಅದೇ ಕಾಲದ ಮೀಟಿಯರ್ 700ರಲ್ಲಿ 70 x 90ರ ಎರಡು ಸಿಲಿಂಡರನ್ನು ಅಕ್ಕಪಕ್ಕ ನಿಲ್ಲಿಸಿದರು: 692 ಸಿಸಿ! ಅಂದರೆ 350ರ ಕೊರಳು ಹಿಡಿದು ಹೆಚ್ಚು ಕೆಲಸ ಮಾಡಿಸಲಿಲ್ಲ, ಬೇರೆ ಗಾಡಿಯನ್ನೇ ಕಟ್ಟಿದರು.

ಕಾರಣ ಆ ಉದ್ದನೆಯ 90 ಮಿ.ಮೀ. ಓಟ. ನಿಧಾನಕ್ಕೆ ತಿರುಗಿಯೂ ಚೆನ್ನಾಗಿ ಎಳೆಯುವುದು ಇದರ ಗುಣ. ಆದರೆ ನಿಮಿಷಕ್ಕೆ 5250 ಸುತ್ತು ತಿರುಗಿದರೆ ಪಿಸ್ಟನ್ನಿನ ಸರಾಸರಿ ವೇಗವೇ ಸೆಕೆಂಡಿಗೆ 15.75 ಮೀಟರ್. ಇನ್ನೂ ಜೋರಾಗಿ ತಿರುಗಿಸಿದರೆ ಸವೆತ, ಅದುರು, ಬಿಸಿ ಎಲ್ಲವೂ ಬಡ್ಡಿಯ ಹಾಗೆ ಏರುತ್ತವೆ. ಉಳಿದ ದಾರಿ ಅಗಲ ಮಾಡುವುದೊಂದೇ.

ಥಂಡರ್‌ಬರ್ಡ್ ಬಂದದ್ದು 2002ರಲ್ಲಿ. ನಂತರದ ಹೊಸ ಎಂಜಿನ್ನಿನಲ್ಲಿ ಕೂಡ ಅದೇ ಲೆಕ್ಕ: 350ಕ್ಕೆ 19.8 ಬಿಎಚ್‌ಪಿ, 2012ರ ಥಂಡರ್‌ಬರ್ಡ್ 500ಕ್ಕೆ 27.2. ಗಾತ್ರ ಶೇ. 44 ಹೆಚ್ಚಿತು, ಪವರ್ ಶೇ. 37. ಜತೆಗೆ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು, ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕ್ ಬಂತು. ನನ್ನ ಗಾಡಿಯ ಹಿಂದಿನ ಚಕ್ರದಲ್ಲಿ ಇರುವುದು ಡ್ರಮ್ ಬ್ರೇಕ್! 2013ರ ಕಾಂಟಿನೆಂಟಲ್ ಜಿಟಿಯಲ್ಲಿ ಅಗಲ 87ಕ್ಕೆ ಏರಿ 535 ಸಿಸಿ ಆಯಿತು, ಸಿಕ್ಕಿದ್ದು 29.1 ಬಿಎಚ್‌ಪಿ. ಎರಡು ಬಿಎಚ್‌ಪಿಯೂ ಹೆಚ್ಚಲಿಲ್ಲ, ಆದರೂ ಆ ಗಾಡಿಗೆ ಹ್ಯಾರಿಸ್‌ನವರ ಹೊಸ ಚೌಕಟ್ಟು, ಬ್ರೆಂಬೊ ಬ್ರೇಕು ಹಾಕಿದರು.

ಆಮೇಲೆ? 2018ರಲ್ಲಿ ಜೋಡಿ ಸಿಲಿಂಡರಿನ 650 ಬಂತು. ಪಿಸ್ಟನ್ ಓಟ 67.8 ಮಿ.ಮೀ.ಗೆ ಇಳಿಯಿತು, ಪವರ್ 47ಕ್ಕೆ ಜಿಗಿಯಿತು. 2020ರಲ್ಲಿ 500ರ ಒಂಟಿ ಸಿಲಿಂಡರ್ ಗಾಡಿಗಳು ಭಾರತದ ಮಾರುಕಟ್ಟೆಯಿಂದ ನಿವೃತ್ತಿಯಾದವು. ಅದೇ ವರ್ಷ ಥಂಡರ್‌ಬರ್ಡ್ ಜಾಗಕ್ಕೆ ಬಂದ ಮೀಟಿಯರ್ ಮತ್ತೆ 350ಕ್ಕೇ ಮರಳಿತು: 349 ಸಿಸಿ, 20.2 ಬಿಎಚ್‌ಪಿ. ಎಲ್ಲಾ ತಂತ್ರಜ್ಞಾನ ಕೈಯಲ್ಲಿದ್ದೂ ನನ್ನ ಹಳೆಯ ಗಾಡಿಗಿಂತ ಅರ್ಧ ಬಿಎಚ್‌ಪಿಯಷ್ಟೇ ಹೆಚ್ಚು!

ಸರ್ಕಾರದ ಖಾತೆಯಲ್ಲೂ 350 ಒಂದು ಗೆರೆ. ಥರ್ಡ್ ಪಾರ್ಟಿ ವಿಮೆ 2022ರ ದರದಲ್ಲಿ 350ರವರೆಗೆ 1,366 ರೂ., ದಾಟಿದರೆ 2,804. 2025ರ ಸೆಪ್ಟೆಂಬರ್ 22ರಿಂದ ಹೊಸ ಗಾಡಿಗೆ ಜಿಎಸ್‌ಟಿ ಈಚೆ ಶೇ. 18, ಆಚೆ ಶೇ. 40. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿ ಪುಸ್ತಕದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಪುಸ್ತಕದಲ್ಲಿ 346, ಹೊಟ್ಟೆಯಲ್ಲಿ 499 ಇಟ್ಟುಕೊಂಡು ಅಪಘಾತವಾದರೆ ವಿಮೆಯವರ ಮುಂದೆ ನಿಂತು ಏನು ಹೇಳೋಣ? ಸುಳ್ಳು ಲೆಡ್ಜರ್ ಬರೆದ ಹಾಗೇ ಅದು.

ಖಾತೆ ಮುಚ್ಚಿದೆ. ಎಪ್ಪತ್ತು ವರ್ಷಗಳಲ್ಲಿ ತಯಾರಕರೇ ಇಷ್ಟೇ ಎಂಜಿನ್ನಿನಿಂದ ಹೆಚ್ಚು ಕೇಳಲಿಲ್ಲ. ಪವರ್ ಬೇಕಾದಾಗಲೆಲ್ಲ ಅದನ್ನು ಹೊರುವ, ನಿಲ್ಲಿಸುವ ಮೈಯನ್ನೂ ಕೊಟ್ಟರು. ಎಂಜಿನ್ ಬದಲಿಸಲು ತೆಗೆದಿಟ್ಟ ಹಣದಲ್ಲಿ ಹೊಸ ಕ್ಲಚ್ ಪ್ಲೇಟು, ಟೈರು, ಬ್ರೇಕ್ ಶೂ ಹಾಕಿಸುತ್ತಿದ್ದೇನೆ. ತೀರಾ ಆಸೆಯಾದರೆ ಒಂದು ದಿನ ಸೂಪರ್ ಮೀಟಿಯರ್ 650 ನೋಡಿದರಾಯಿತು; 241 ಕೆಜಿ ತೂಕ ತಳ್ಳುವ ಶಕ್ತಿ ನನ್ನ ಮೊಣಕಾಲಿಗೆ ಉಳಿದಿದ್ದರೆ! ಅಲ್ಲಿವರೆಗೆ ಘಾಟಿಯಲ್ಲಿ ಮೂರನೇ ಗೇರು ಸಾಕು. ನಮಗೇನು ಅವಸರ, ಊರು ಅಲ್ಲೇ ಇರುತ್ತದೆ.