ಬಿಕ್ಕೋಡಿನ ಕಾಡುಕೋಳಿ, ಟ್ವೀಡ್ ಹೊಳೆಯ ಗಾಳ

ಗಾಳದ ಕೊಕ್ಕೆಗೆ ಗರಿ, ಉಣ್ಣೆ, ನೂಲು ಸುತ್ತಿ ಹುಳುವಿನ ರೂಪ ಕೊಟ್ಟು ಮೀನನ್ನು ಮರುಳು ಮಾಡುವ ಸಾಧನವೇ ‘ಫ್ಲೈ’. ಗಾಳ, ಬೆಂಡು, ಎರೆ ಎಲ್ಲಕ್ಕೂ ಕನ್ನಡದಲ್ಲಿ ಮಾತಿದೆ. ಇದಕ್ಕೆ ಬಳಕೆಯ ಮಾತಿಲ್ಲ. ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯಂಥ ಕಾಫಿ ಸೀಮೆಯಲ್ಲೂ ಅದು ಫ್ಲೈಯೇ. ಮಾತಿಲ್ಲದ ಕಾರಣ ಕಸುಬು ನಮ್ಮದಲ್ಲ ಎಂದು ಕೈ ತೊಳೆದುಕೊಳ್ಳಬಹುದು. ಆದರೆ ಆ ಕಸುಬು ಅತಿಯಾಗಿ ಬಯಸಿದ ಗರಿ ಈ ಸೀಮೆಯ ಹಕ್ಕಿಯದು.

ಮೀನಿನ ಬೇಟೆ ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರನ ‘ಮಾನಸೋಲ್ಲಾಸ’ 1130ರ ಸುಮಾರಿನ ಸಂಸ್ಕೃತ ಗ್ರಂಥ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಎರಡೂ ಒಂದೇ ತಲೆಮಾರಿನವು. ಮಾನಸೋಲ್ಲಾಸದ ‘ಮತ್ಸ್ಯವಿನೋದ’ ಭಾಗ ಸುಮಾರು 35 ಬಗೆಯ ಮೀನುಗಳನ್ನು ಕಡಲಿನವು, ಹೊಳೆಯವು, ಪೊರೆಯುಳ್ಳವು, ಪೊರೆಯಿಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು ಎಂದು ಹೇಳುತ್ತದೆ. ಮೀನುತಜ್ಞ ಎಸ್.ಎಲ್. ಹೋರಾ 1951ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಪರಿಚಯಿಸಿದರು. ಮತ್ಸ್ಯವಿನೋದದ ಒತ್ತು ಹಿಟ್ಟಿನ ಉಂಡೆಯ ಮೇಲೆ: ಮೊದಲು ಮೀನಿಗೆ ಉಣಿಸಿ ರೂಢಿ ಮಾಡಿಸು, ಆಮೇಲೆ ಗಾಳ ಹಾಕು.

ಫ್ಲೈ ಬಿಟ್ಟು ಹಿಟ್ಟು ಹಿಡಿದದ್ದು ಕೊರತೆಯಲ್ಲ, ಹೊಳೆ ನೋಡಿ ಕಲಿತ ಪಾಠ. ಯಗಚಿ, ಹೇಮಾವತಿ, ಕಾವೇರಿಗಳ ಬಿಳಿಮೀನು, ಗೆಂಡೆ ಮೀನುಗಳು ಕಾರ್ಪ್ ಕುಲದವು. ಬಿಳಿಮೀನು, ಅಂದರೆ ಮಹಶೀರ್, ದಡದ ಮರದಿಂದ ಉದುರಿದ ಹಣ್ಣನ್ನೂ ತಿನ್ನುತ್ತದೆ, ಏಡಿಯನ್ನೂ ತಿನ್ನುತ್ತದೆ. ಕಾವೇರಿಯಲ್ಲಿ ಅದಕ್ಕೆ ಹೆಸರಾದ ಎರೆ ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ. ಬಿಳಿಮೀನು ಫ್ಲೈ ಮುಟ್ಟುವುದೇ ಇಲ್ಲವೆಂದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಹೊರತಂದ ‘ದಿ ರಾಡ್ ಇನ್ ಇಂಡಿಯಾ’ ಫ್ಲೈ ಬೇಟೆಗೂ ಜಾಗ ಕೊಟ್ಟ ಪುಸ್ತಕ. ಆದರೂ ರಾಗಿ ಸಾಕಾಗಿದ್ದ ಊರಲ್ಲಿ ಗರಿ ಸುತ್ತುತ್ತ ಕೂರುವವರು ಯಾರು?

ಇನ್ನು ಗರಿಯ ಮಾತು. ಕಾಫಿ ತೋಟದ ಅಂಚಿನಲ್ಲಿ ಮುಂಜಾನೆ ಕೂಗುವ ಬೂದು ಕಾಡುಕೋಳಿಗೆ ವಿಜ್ಞಾನ ಇಟ್ಟ ಹೆಸರು ಗ್ಯಾಲಸ್ ಸೊನೆರಾಟಿ. ಇದರ ಹುಂಜದ ಕೊರಳ ಗರಿ ಕಪ್ಪು. ಅದರ ನಡುದಂಟು ಅಲ್ಲಲ್ಲಿ ಚಪ್ಪಟೆಯಾಗಿ ಹೊಳಪಿನ ಬಿಲ್ಲೆಯಂತಾಗಿರುತ್ತದೆ. ಬಿಳಿಯ ಬೊಟ್ಟುಗಳು, ತುದಿಯಲ್ಲಿ ಹಳದಿ. ಮೇಣದ ಹನಿ ಬಿದ್ದು ಗಟ್ಟಿಯಾದಂತೆ. ನೀರಿನಲ್ಲಿ ನೆನೆದರೂ ಬೊಟ್ಟು ಮಂಕಾಗದು, ಮೀನಿನ ಕಣ್ಣಿನಂತೆಯೇ ಕಾಣುತ್ತದೆ. ಫ್ಲೈ ಕಟ್ಟುವವರು ಪುಟ್ಟ ಇಕ್ಕಳದಲ್ಲಿ ಕೊಕ್ಕೆ ಬಿಗಿದು, ಮೇಣ ಸವರಿದ ರೇಷ್ಮೆ ನೂಲು ಸುತ್ತಿ, ನವಿಲುಗರಿಯ ಮೂರು ನಾಲ್ಕು ಎಳೆಗಳನ್ನು ಹೊಸೆದು ಮೈ ಮಾಡುತ್ತಾರೆ. ಸಾಕುಹುಂಜದ ಗರಿಯನ್ನು ಅಡ್ಡ ಸುತ್ತಿದರೆ ಎಳೆಗಳು ಹುಳುವಿನ ಕಾಲಿನಂತೆ ಸೆಟೆದು ನಿಲ್ಲುತ್ತವೆ. ಸಾಲ್ಮನ್ ಮೀನಿಗೆ ಕಟ್ಟುವ ಫ್ಲೈ ಆದರೆ ಕೊನೆಗೆ ಎರಡೂ ಪಕ್ಕಕ್ಕೆ ಕಾಡುಕೋಳಿಯ ಗರಿ ಒಂದೊಂದು. ಫ್ಲೈ ಬಗ್ಗೆ ಬಹು ಹಳೆಯ ಬರಹವೆನ್ನುವ ರೋಮನ್ ಲೇಖಕ ಈಲಿಯನ್‌ನ ಮಾತಿನಲ್ಲೂ (ಕ್ರಿ.ಶ. 200ರ ಸುಮಾರು) ಮ್ಯಾಸಿಡೋನಿಯಾದವರು ಕೆಂಪು ಉಣ್ಣೆಗೆ ಸಿಕ್ಕಿಸಿದ ಹುಂಜದ ಗರಿಗಳು ಮೇಣದ ಬಣ್ಣದವು. ಅದು ಊರಕೋಳಿ, ನಮ್ಮ ಕಾಡುಕೋಳಿಯೊಂದಿಗೆ ಗಂಟು ಹಾಕುವುದು ಬೇಡ.

ಸ್ಕಾಟ್ಲೆಂಡಿನ ಹೆಸರಾಂತ ಸಾಲ್ಮನ್ ಫ್ಲೈ ‘ಜಾಕ್ ಸ್ಕಾಟ್’. ಅದೇ ಹೆಸರಿನ, ಟ್ವೀಡ್ ಹೊಳೆಯ ಕೆಲ್ಸೊ ಸೀಮೆಯ ಬೇಟೆಸಹಾಯಕ 1850ರ ಆಸುಪಾಸಿನಲ್ಲಿ ಕಟ್ಟಿದ್ದು. ಅದರಲ್ಲಿ ಕಾಡುಕೋಳಿಯ ಗರಿಯುಂಟು. ಇತ್ತ 1856ರಲ್ಲಿ ಬಿಕ್ಕೋಡಿಗೆ ನೆರೆಯ ಮಂಜರಾಬಾದಿಗೆ ಕಾಫಿ ಬೆಳೆಯಲು ಬಂದು, 1894ರಲ್ಲಿ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಬರೆದ ರಾಬರ್ಟ್ ಎಲಿಯಟ್‌ನ ಮನೆ, ಜಮೀನು ಇದ್ದದ್ದೂ ಕೆಲ್ಸೊ ಬಳಿಯೇ. ಇಲ್ಲಿ ಕತೆ ಹೆಣೆಯುವ ಆಸೆಯಾಗುತ್ತದೆ. ಎಲಿಯಟ್ ಇಲ್ಲಿ ಕಾಲಿಡುವ ಹೊತ್ತಿಗೆ ಆ ಫ್ಲೈ ಹುಟ್ಟಿಯಾಗಿತ್ತು; ಇದು ಕಾಕತಾಳೀಯ, ಸಾಕ್ಷ್ಯವಲ್ಲ. ಗರಿ ಹೋದದ್ದು ವ್ಯಾಪಾರದ ಹಡಗಿನಲ್ಲಿ, ಪೆಟ್ಟಿಗೆಗಟ್ಟಲೆ.

ಆ ವ್ಯಾಪಾರಕ್ಕೆ 1902ರಲ್ಲಿ ಸರ್ಕಾರ ಕಾಡುಹಕ್ಕಿಗಳ ಗರಿ ರಫ್ತು ನಿಷೇಧಿಸಿ ಕಡಿವಾಣ ಹಾಕಿತು. 1972ರ ವನ್ಯಜೀವಿ ಕಾಯ್ದೆ ಬೇಟೆಗೂ ಕಟ್ಟುಪಾಡು ತಂದಿತು. ಈಗ ಬ್ರಿಟನ್ನಿನ ಫ್ಲೈ ಅಂಗಡಿಗಳಲ್ಲಿ ಸಿಗುವ ಗರಿ ಅಲ್ಲಿಯೇ ಗೂಡಿನಲ್ಲಿ ಸಾಕಿದ ಹಕ್ಕಿಗಳದು. ಇಲ್ಲಿಯ ಹುಂಜ ಮರಿ ಮಾಡುವ ಕಾಲ ಕಳೆದ ಮೇಲೆ ಕೊರಳ ಗರಿಯನ್ನು ತಾನೇ ಉದುರಿಸುತ್ತದೆ. ತೋಟದ ದಾರಿಯಲ್ಲಿ ಕಂಡರೆ ಬಗ್ಗಿ ನೋಡಿ, ಅಲ್ಲೇ ಬಿಡಿ.

ಹಾಸನ, ಚಿಕ್ಕಮಗಳೂರು ಕಡೆಯ ಹಳೆಯ ಎಸ್ಟೇಟ್ ಬಂಗಲೆಗಳ ಅಟ್ಟದಲ್ಲಿ ತುಕ್ಕು ಹಿಡಿದ ಫ್ಲೈ ಡಬ್ಬಿ ಸಿಕ್ಕಿದರೆ ಮಾತ್ರ ದಯವಿಟ್ಟು ಗುಜರಿಗೆ ಹಾಕಬೇಡಿ. ಮೇಣದ ಬೊಟ್ಟು ಬರಿಗಣ್ಣಿಗೇ ಗುರುತು ಸಿಗುತ್ತದೆ.